ಹೊಸ ಲೆನ್ಸ್‌ನಲ್ಲಿ ಕಣ್ಣು ಮಸುಕು, ಕಿವಿ ಶಾರ್ಪ್. ವಾಪಸ್ ಕೊಡಲಾ?

ಪ್ರಶ್ನೆ: ಡಿಎಸ್‌ಎಲ್‌ಆರ್‌ಗೆ ಹೊಸ 50 ಎಂಎಂ ಎಫ್ 1.8 ಲೆನ್ಸ್ ಹಾಕಿ ಬೀದರ್‌ನ ಮಹಮೂದ್ ಗವಾನ್ ಮದರಸಾದಲ್ಲಿ ತಮ್ಮನ ಫೋಟೋ ತೆಗೆದೆ. ಕಣ್ಣಿಗೆ ಫೋಕಸ್ ಕೊಟ್ಟರೂ ಕಿವಿಯೇ ಶಾರ್ಪ್ ಬರುತ್ತದೆ. ಲೆನ್ಸ್‌ದೇ ದೋಷನಾ?

ಉತ್ತರ: ಅವಸರ ಬೇಡ ಅಣ್ಣ. ಟ್ರೈಪಾಡ್ ಮೇಲಿಟ್ಟು, ಅಪರ್ಚರ್ (ಲೆನ್ಸ್‌ನಲ್ಲಿ ಬೆಳಕು ಬರುವ ಕಿಂಡಿ) ಪೂರ್ತಿ ತೆರೆದು, ಓರೆಯಾಗಿ ಇಟ್ಟ ಸ್ಕೇಲ್‌ನ ಒಂದೇ ಗೆರೆಗೆ ಫೋಕಸ್ ಮಾಡಿ, ಒಮ್ಮೆ ವ್ಯೂಫೈಂಡರ್‌ನಲ್ಲಿ (ಕಣ್ಣಿಟ್ಟು ನೋಡುವ ಕಿಂಡಿ), ಒಮ್ಮೆ ಲೈವ್ ವ್ಯೂನಲ್ಲಿ (ಹಿಂದಿನ ಸ್ಕ್ರೀನ್ ನೋಡುತ್ತಾ) ತೆಗೆಯಿರಿ. ಟೈಮರ್ ಹಾಕಿ. ಲೈವ್ ವ್ಯೂದು ಮಾತ್ರ ಚೆನ್ನಾಗಿದ್ದರೆ ಲೆನ್ಸ್‌ನ ಗಾಜು ಸರಿ ಇದೆ, ಕ್ಯಾಮೆರಾ ಮತ್ತು ಲೆನ್ಸ್ ನಡುವಿನ ಫೋಕಸ್ ಹೊಂದಾಣಿಕೆ ತಪ್ಪಿದೆ. ಕೆಲವು ಕ್ಯಾಮೆರಾಗಳಲ್ಲಿ ಅದನ್ನು ಮೆನುವಿನಲ್ಲೇ ತಿದ್ದಬಹುದು.

ಉತ್ತರ: ಗೋಡೆಗೆ ನ್ಯೂಸ್‌ಪೇಪರ್ ಅಂಟಿಸಿ, ನೇರ ನಿಂತು ತೆಗೆದು ಮೂಲೆಗಳನ್ನೂ ನೋಡಿ. ನಾಲ್ಕೂ ಸ್ವಲ್ಪ ಮಂದ ಇದ್ದರೆ ಸಹಜ, ಅಪರ್ಚರ್ ಎಫ್ 5.6ಕ್ಕೆ ಕಿರಿದು ಮಾಡಿದರೆ ಬಹಳಷ್ಟು ಸುಧಾರಿಸುತ್ತದೆ. ಒಂದೇ ಮೂಲೆ ಜಾಸ್ತಿ ಮಂದ ಇದ್ದರೆ ಬದಲಿಸಿಕೊಳ್ಳಿ.

ಉತ್ತರ: ವಾಪಸ್ ಕೊಡುವ ಕೊನೆ ದಿನ ಯಾವುದು, ಮೊದಲು ನೋಡಿಕೊಳ್ಳಿ.