ಹಳೇ ಚಾಕು ರಿಪೇರಿ ಮಾಡಿದೆ, ಹರಿತ ಮಾತ್ರ ನಿಲ್ಲುತ್ತಿಲ್ಲ

ಸಿಂಧನೂರು ಹುಡುಗ:
ತಲೆ ಕೆಟ್ಟು ಹೋಗಿದೆ. ಗುಜರಿ ಅಂಗಡಿಯಲ್ಲಿ ಒಂದು ಹಳೇ ಚಾಕು ಸಿಕ್ಕಿತ್ತು. ಮಡಿಚುವ ಚಾಕು ಅಲ್ಲ, ದಪ್ಪ ಬೆನ್ನಿನ ಗಟ್ಟಿ ಅಲಗು. ಮೈತುಂಬಾ ತುಕ್ಕು. ತುಕ್ಕು ತೆಗೆದು, ಹೊಸ ಹಿಡಿಕೆ ಹಾಕಿಸಿ, ಎಮರಿ ಪೇಪರ್‌ನಲ್ಲಿ ಉಜ್ಜಿ ಕನ್ನಡಿ ಥರ ಮಾಡಿದೆ. ಸಾಣೆ ಹಿಡಿದ ತಕ್ಷಣ ಪೇಪರ್ ಸರ್ ಅಂತ ಕೊಯ್ಯುತ್ತದೆ. ಭತ್ತದ ಚೀಲದ ಹುರಿ ಸ್ವಲ್ಪ ಹೊತ್ತು ಕೊಯ್ದರೆ ಮುಗೀತು, ಮೊಂಡು. ಮತ್ತೆ ಸಾಣೆ, ಮತ್ತೆ ಮೊಂಡು. ಕಲ್ಲು ಒಳ್ಳೇದೇ ಇದೆ. ಏನು ಮಾಡಲಿ?

ರಾಯಚೂರು ಬಿಸಿಲು:
ಸ್ಟೀಲ್ ಯಾವುದು? ತುಕ್ಕು ಯಾವುದರಿಂದ ತೆಗೆದಿರಿ? ಕಲ್ಲು ಎಷ್ಟು ಗ್ರಿಟ್, ಅಂದ್ರೆ ಎಷ್ಟು ನುಣುಪಿನದು? ಸಾಣೆ ಕೋನ ಎಷ್ಟು? ಇದನ್ನೆಲ್ಲ ಹೇಳದೆ ನಾವು ಏನಂತ ಹೇಳೋದು?

ಸಿಂಧನೂರು ಹುಡುಗ:
ಸ್ಟೀಲ್ ಗೊತ್ತಿಲ್ಲ, ಅಲಗಿನ ಮೇಲೆ ಯಾವ ಹೆಸರೂ ಇಲ್ಲ. ರಾತ್ರಿಯಿಡೀ ವಿನೆಗರ್‌ನಲ್ಲಿ ಇಟ್ಟಿದ್ದೆ. ಕಲ್ಲು 400 ಮತ್ತು 1000. ಕೋನ ಮಾಮೂಲಿ.

ಗಂಗಾವತಿ ಗರಗಸ:
ಸಿಕ್ತಲ್ಲ ಕಾರಣ. ವಿನೆಗರ್ ಅಂದ್ರೆ ಆಸಿಡ್. ರಾತ್ರಿಯಿಡೀ ಇಟ್ಟರೆ ಉಕ್ಕಿನ ಹದವೇ, ಅಂದ್ರೆ ಕಾಯಿಸಿ ಅದ್ದಿ ಕೊಟ್ಟ ಗಟ್ಟಿತನವೇ ಹೋಗುತ್ತದೆ. ಹುಣಸೆ ಹುಳಿ ಬಳಿದು ತೆಂಗಿನ ನಾರಿನಿಂದ ತಿಕ್ಕಬೇಕಿತ್ತು. ನಾನು ಯಾವಾಗಲೂ ಹಾಗೇ ಮಾಡೋದು.

ತೋರಣಗಲ್ಲು ಮೆಟಲ್:
ಗರಗಸ ಅಣ್ಣ, ಹುಣಸೆ ಹುಳಿಯೂ ಆಸಿಡ್ಡೇ, ಟಾರ್ಟಾರಿಕ್. ವಿನೆಗರ್‌ನಲ್ಲಿರೋದು ಅಸಿಟಿಕ್. ಎರಡೂ ಮೇಲ್ಮೈಯನ್ನು ತಿನ್ನುತ್ತವೆ ಅಷ್ಟೇ. ಜಾಸ್ತಿ ಹೊತ್ತು ಇಟ್ಟರೆ ಅಂಚು ಒರಟಾಗುತ್ತದೆ, ಗುಳಿ ಬೀಳುತ್ತದೆ. ಅದು ಒಂದು ಸಾಣೆಗೆ ಸರಿಹೋಗುತ್ತದೆ. ಹದ ಹೋಗೋದು ಬಿಸಿಯಿಂದ, ಹುಳಿಯಿಂದ ಅಲ್ಲ.

ಗಂಗಾವತಿ ಗರಗಸ:
ಪುಸ್ತಕದ ಮಾತು ಬೇರೆ, ಕೈಯಲ್ಲಿ ಮಾಡೋದು ಬೇರೆ. ವಿನೆಗರ್‌ನಲ್ಲಿ ಇಟ್ಟ ಮೇಲೆ ಅಡುಗೆ ಸೋಡಾ ನೀರಲ್ಲಿ ತೊಳೆದರಾ? ತೊಳೆಯದಿದ್ದರೆ ಆಸಿಡ್ ಒಳಗೇ ಉಳಿದು ಕೆಲಸ ಮಾಡುತ್ತಲೇ ಇರುತ್ತದೆ.

ಸಿಂಧನೂರು ಹುಡುಗ:
ತೊಳೆದಿದ್ದೇನೆ. ಒಣಗಿಸಿ ಎಣ್ಣೆನೂ ಹಚ್ಚಿದ್ದೇನೆ.

ಕುಲುಮೆ ಮನೆ, ಕೊಪ್ಪಳ:
ತಮ್ಮಾ, ಅಲಗಿನಲ್ಲಿ ಮೊಂಡಾಗೋದು ಯಾವ ಜಾಗ? ಪೂರ್ತಿ ಉದ್ದಕ್ಕೋ, ಒಂದು ಕಡೆ ಮಾತ್ರವೋ?

ರಾಯಚೂರು ಬಿಸಿಲು:
ನನಗನಿಸೋದು ಇದು ಅಗ್ಗದ ಸ್ಟೇನ್‌ಲೆಸ್. ಮೆತ್ತಗಿನ ಸ್ಟೇನ್‌ಲೆಸ್‌ಗೆ ಎಷ್ಟು ಸಾಣೆ ಹಿಡಿದರೂ ಅಂಚು ಮಡಿಚಿಕೊಳ್ಳುತ್ತದೆ. ಅಯಸ್ಕಾಂತ ಹಿಡಿದು ನೋಡಿ, ಅಂಟಿದರೆ ಕಾರ್ಬನ್ ಸ್ಟೀಲ್, ಅಂಟದಿದ್ದರೆ ಸ್ಟೇನ್‌ಲೆಸ್.

ತೋರಣಗಲ್ಲು ಮೆಟಲ್:
ಅದು ತಪ್ಪು. ಚಾಕುವಿಗೆ ಬಳಸುವ ಸ್ಟೇನ್‌ಲೆಸ್ ಹೆಚ್ಚಿನದು ಅಯಸ್ಕಾಂತಕ್ಕೆ ಅಂಟುತ್ತದೆ. ಅಂಟದಿರೋದು ಪಾತ್ರೆ ಮಾಡುವ ಸ್ಟೀಲ್. ವಿನೆಗರ್‌ನಿಂದ ತೆಗೆದಾಗ ಅಲಗು ಯಾವ ಬಣ್ಣ ಇತ್ತು ಅಂತ ಕೇಳಿ. ಕಪ್ಪು ಬೂದು ಆಗಿದ್ದರೆ ಕಾರ್ಬನ್ ಸ್ಟೀಲ್.

ಸಿಂಧನೂರು ಹುಡುಗ:
ಕಪ್ಪಗೇ ಆಗಿತ್ತು. ಕೈಗೆಲ್ಲ ಮಸಿ. ಅಯಸ್ಕಾಂತ ಗಟ್ಟಿಯಾಗಿ ಅಂಟುತ್ತದೆ.

ರಾಯಚೂರು ಬಿಸಿಲು:
ಆದರೂ ಸ್ಟೀಲೇ ಕಳಪೆ ಅಂತ ನನ್ನ ಮಾತು. ಅದನ್ನು ಬಿಟ್ಟು ಲಾರಿ ಕಮಾನ್ ಪಟ್ಟಿಯಿಂದ ಹೊಸದು ಮಾಡಿಸಿ. ಹಳೇ ಪಟ್ಟಿ ಜಾಸ್ತಿ ಇಎನ್ 45 ಅನ್ನೋ ಸ್ಪ್ರಿಂಗ್ ಸ್ಟೀಲ್. ಮಚ್ಚಿಗೆ ಅದಕ್ಕಿಂತ ಒಳ್ಳೇದು ಬೇಡ.

ಗಂಗಾವತಿ ಗರಗಸ:
ಹೊಸದು ಮಾಡೋದಾದರೆ ನನ್ನ ಶೆಡ್‌ಗೆ ಬನ್ನಿ. ಹಳೇ ಅಕ್ಕಿ ಗಿರಣಿಯ ಮೋಟರ್ ಹಾಕಿ ಬೆಲ್ಟ್ ಗ್ರೈಂಡರ್ ಕಟ್ಟಿದ್ದೇನೆ. ಚಕ್ರಗಳನ್ನು ಲೇತ್‌ನಲ್ಲಿ ನಾನೇ ತಿರುಗಿಸಿದ್ದು. ಬೆಲ್ಟ್ ಒಂದು ಕೂದಲೆಳೆಯೂ ಪಕ್ಕಕ್ಕೆ ಹೋಗಲ್ಲ. ಫೋಟೋ ಹಾಕ್ತೀನಿ ನೋಡಿ.

ರಾಯಚೂರು ಬಿಸಿಲು:
ಚೆನ್ನಾಗಿದೆ ಅಣ್ಣಾ. ಬೆಲ್ಟ್ ಬಿಗಿ ಮಾಡೋಕೆ ಸ್ಪ್ರಿಂಗ್ ಹಾಕಿದ್ದೀರೋ ತೂಕ ಕಟ್ಟಿದ್ದೀರೋ?

ಗಂಗಾವತಿ ಗರಗಸ:
ಬೈಕ್ ಶಾಕ್ ಅಬ್ಸಾರ್ಬರ್ ಸ್ಪ್ರಿಂಗ್. ಹಾಂ, ಹುಡುಗಾ, ಅಲಗು ಎಷ್ಟು ಉದ್ದ ನಿಂದು? 9 ಇಂಚಿಗಿಂತ ಉದ್ದ ಇದ್ದರೆ ಲೈಸೆನ್ಸ್ ಬೇಕು.

ತೋರಣಗಲ್ಲು ಮೆಟಲ್:
ಪೂರ್ತಿ ಹೇಳಿ ಅಣ್ಣಾ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ 9 ಇಂಚು ಉದ್ದ ಅಥವಾ 2 ಇಂಚು ಅಗಲ ಮೀರಿದ ಅಲಗು ಅಂತಿದೆ. ಆದರೆ ಮನೆಗೆಲಸ, ಬೇಸಾಯಕ್ಕೆ ಅಂತ ಮಾಡಿದ್ದನ್ನು ಹೊರಗಿಟ್ಟಿದೆ. ಇಲ್ಲದಿದ್ದರೆ ನಮ್ಮ ಹಳ್ಳಿಯ ಮಚ್ಚುಗಳೆಲ್ಲ ಸಿಕ್ಕಿಬೀಳಬೇಕಿತ್ತು.

ಸಿಂಧನೂರು ಹುಡುಗ:
6 ಇಂಚು ಅಷ್ಟೇ ಇರೋದು. ದಯವಿಟ್ಟು ಯಾರಾದರೂ ನನ್ನ ಸಮಸ್ಯೆಗೆ ಬನ್ನಿ.

ಕುಲುಮೆ ಮನೆ, ಕೊಪ್ಪಳ:
ನಾನು ಕೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ. ಎಲ್ಲಿ ಮೊಂಡಾಗುತ್ತದೆ?

ಸಿಂಧನೂರು ಹುಡುಗ:
ಕ್ಷಮಿಸಿ ಅಣ್ಣಾ, ನೋಡಿರಲಿಲ್ಲ. ಈಗ ಪೇಪರ್ ಕೊಯ್ದು ನೋಡಿದೆ. ಹಿಡಿಕೆ ಹತ್ತಿರದ ಎರಡು ಇಂಚು ಮಾತ್ರ ಮೊಂಡು. ತುದಿ ಈಗಲೂ ಕೊಯ್ಯುತ್ತದೆ. ಹುರಿ ಕೊಯ್ಯೋದು ಆ ಬುಡದಲ್ಲೇ, ಬಲ ಅಲ್ಲೇ ಸಿಗೋದು.

ಕುಲುಮೆ ಮನೆ, ಕೊಪ್ಪಳ:
ಈಗ ದಾರಿಗೆ ಬಂತು. ಹುಳಿ ಹದ ತೆಗೆಯೋದಾಗಿದ್ದರೆ ಉದ್ದಕ್ಕೂ ತೆಗೆಯಬೇಕಿತ್ತು. ಸ್ಟೀಲ್ ಕಳಪೆ ಆಗಿದ್ದರೂ ಹಾಗೇ. ಒಂದು ಹೊಸ ಸಣ್ಣ ಫೈಲ್ ತಗೋ. ತುದಿಯಿಂದ ಶುರು ಮಾಡಿ ಬುಡದ ತನಕ ಅಂಚಿನ ಮೇಲೆ ಅರ್ಧ ಅರ್ಧ ಇಂಚಿಗೆ ಒಂದು ಸಲ ಹಗುರವಾಗಿ ಎಳೆ. ಒತ್ತಬೇಡ. ಎಲ್ಲಿ ಜಾರುತ್ತದೆ, ಎಲ್ಲಿ ಕಚ್ಚುತ್ತದೆ ಹೇಳು. ಜಾರಿದರೆ ಅಲ್ಲಿ ಗಟ್ಟಿ, ಕಚ್ಚಿದರೆ ಮೆತ್ತಗೆ. ಆಮೇಲೆ ಹಿಡಿಕೆ ಹೇಗೆ ಕೂರಿಸಿದರು ಅಂತಲೂ ಹೇಳು.

ಸಿಂಧನೂರು ಹುಡುಗ:
ತುದಿಯ ಕಡೆ ಕೀಂ ಅಂತ ಸದ್ದು ಬಂದು ಜಾರುತ್ತದೆ. ಅರ್ಧ ದಾಟಿದ ಮೇಲೆ ಸದ್ದೇ ಬದಲಾಯಿತು, ಸೌಮ್ಯ ಆಯಿತು. ಬುಡದಲ್ಲಿ ಫೈಲ್ ಕಚ್ಚಿ ಪುಡಿ ತೆಗೆಯುತ್ತದೆ. ಹಿಡಿಕೆಯನ್ನು ಇಲ್ಲೇ ಒಬ್ಬರ ಹತ್ತಿರ ಹಾಕಿಸಿದ್ದು. ಒಳಗೆ ಹೋಗುವ ಬಾಲವನ್ನು ಗ್ಯಾಸ್ ಬತ್ತಿಯಲ್ಲಿ ಕೆಂಪಗೆ ಕಾಯಿಸಿ, ಅರಗು ತುಂಬಿದ ತೂತಿಗೆ ಒತ್ತಿದರು. ಹಳೇ ಪದ್ಧತಿ ಅಲ್ವಾ? ಅದಕ್ಕೇ ಹೇಳಿರಲಿಲ್ಲ.

ಕುಲುಮೆ ಮನೆ, ಕೊಪ್ಪಳ:
ಪದ್ಧತಿ ಸರಿ, ಕಾಯಿಸಿದ್ದು ಜಾಸ್ತಿ. ಅರಗು ಕರಗೋಕೆ ಕೆಂಪು ಬಿಸಿ ಬೇಕಾಗಿಯೇ ಇಲ್ಲ, ಬಾಲ ಸುಡುವಷ್ಟು ಬಿಸಿಯಾದರೆ ಸಾಕು. ಕಾಯಿಸುವಾಗ ಅಲಗಿಗೆ ಒದ್ದೆ ಬಟ್ಟೆ ಸುತ್ತಬೇಕು. ಸುತ್ತದಿದ್ದರೆ ಬಿಸಿ ಬಾಲದಿಂದ ಅಲಗಿಗೆ ಏರುತ್ತದೆ. ಹಿಡಿಕೆಯ ಅಂಚಿಗೆ ತಾಗಿದ ಜಾಗವನ್ನು ಬೆಳಕಿಗೆ ಹಿಡಿದು ನೋಡು. ಎಮರಿ ಪೇಪರ್ ಹೋಗದ ಆ ಸಂದಿಯಲ್ಲಿ ನೀಲಿ ಗೆರೆ ಉಳಿದಿರಬೇಕು.

ಸಿಂಧನೂರು ಹುಡುಗ:
ಇದೆ! ಕೂದಲಿನಷ್ಟು ತೆಳುವಾದ ನೀಲಿ ಗೆರೆ. ಅದರ ಮುಂದೆ ಕಂದು ಬಣ್ಣದ ಛಾಯೆ. ಇದನ್ನು ನಾನು ಅರಗಿನ ಕಲೆ ಅಂದುಕೊಂಡಿದ್ದೆ.

ತೋರಣಗಲ್ಲು ಮೆಟಲ್:
ಕಾಯಿಸಿದಾಗ ಬರೋ ಬಣ್ಣ ಅದು. ಒಣ ಹುಲ್ಲಿನ ಹಳದಿ ಅಂದ್ರೆ ಸುಮಾರು 200–230 ಡಿಗ್ರಿ, ಕಂದು 250ರ ಹತ್ತಿರ, ನೀಲಿ ಅಂದ್ರೆ 300. ಹಳದಿ ತನಕ ಚಾಕುವಿಗೆ ತೊಂದರೆ ಇಲ್ಲ. ನೀಲಿ ದಾಟಿದರೆ ಅದು ಸ್ಪ್ರಿಂಗ್ ಹದ, ಹರಿತ ನಿಲ್ಲಲ್ಲ. ಉಜ್ಜಿದರೆ ಬಣ್ಣ ಹೋಗುತ್ತದೆ, ಮೆತ್ತಗಾದದ್ದು ಮಾತ್ರ ಹಾಗೇ ಉಳಿಯುತ್ತದೆ. ಪೂರ್ತಿ ಸರಿ ಮಾಡಬೇಕಾದರೆ ಹಿಡಿಕೆ ತೆಗೆದು ಮತ್ತೆ ಹದ ಕೊಡಬೇಕು. ಅಯಸ್ಕಾಂತ ಅಂಟದಷ್ಟು ಕಾಯಿಸಿ, ಸ್ವಲ್ಪ ಮೇಲೆ ಹೋಗಿ, ಬೆಚ್ಚಗಿನ ಎಣ್ಣೆಯಲ್ಲಿ ಅದ್ದಬೇಕು. ಆಮೇಲೆ ಓವನ್‌ನಲ್ಲಿ 200 ಡಿಗ್ರಿಗೆ ಎರಡು ಗಂಟೆ.

ಕುಲುಮೆ ಮನೆ, ಕೊಪ್ಪಳ:
ಬೇಡ. ಯಾವ ಸ್ಟೀಲ್ ಅಂತ ಗೊತ್ತಿಲ್ಲ, ತುಕ್ಕಿನ ಗುಳಿ ಬೇರೆ ಇವೆ. ಎಣ್ಣೆಗೆ ಅದ್ದಿದಾಗ ಬಿರುಕು ಶುರುವಾಗೋದು ಅಂಥ ಗುಳಿಯಿಂದಲೇ. ತೆಳು ಅಂಚು ಸೊಟ್ಟ ಆಗಬಹುದು. ಒಳ್ಳೇ ಹಳೇ ಅಲಗು, ತುದಿ ಗಟ್ಟಿ ಇದೆ. ಬುಡದಲ್ಲಿ ಬೆರಳು ಕೂರುವ ಹಾಗೆ ಒಂದು ಗುಂಡಗಿನ ಗುಳಿ ತೆಗೆದುಬಿಡು. ಅಲ್ಲಿ ಮಿಕ್ಕಿದ್ದನ್ನು ಅಂಚಿಲ್ಲದೆ ಬಿಡು. ಫೈಲ್ ಹೇಗೂ ಅಲ್ಲಿ ಕಚ್ಚುತ್ತದೆ, ಕೈಯಲ್ಲೇ ಆಗುತ್ತದೆ, ಗ್ರೈಂಡರ್ ಹಚ್ಚಬೇಡ.

ತೋರಣಗಲ್ಲು ಮೆಟಲ್:
6 ಇಂಚಲ್ಲಿ ಎರಡು ಇಂಚು ಬಿಟ್ಟುಬಿಡೋದು ನನಗೆ ಒಪ್ಪಿಗೆ ಇಲ್ಲ.

ಕುಲುಮೆ ಮನೆ, ಕೊಪ್ಪಳ:
ನಾಲ್ಕು ಇಂಚು ಹರಿತ ಹುರಿಗೆ ಬೇಕಾದಷ್ಟಾಯಿತು. ಬಿರುಕು ಬಿಟ್ಟರೆ ಆರೂ ಹೋಗುತ್ತದೆ.

ರಾಯಚೂರು ಬಿಸಿಲು:
ಹಿಡಿಕೆಗೆ ಯಾವ ಮರ ಹಾಕಿಸಿದ್ದೀರಿ? ನಮ್ಮ ಕಡೆ ಬೇಸಿಗೆಗೆ ಬೀಟೆಯೂ ಬಿರಿಯುತ್ತದೆ.

ಸಿಂಧನೂರು ಹುಡುಗ:
ಬಳ್ಳಾರಿ ಜಾಲಿ. ಹೊಲದ ಬದುವಿನಲ್ಲಿ ಕಡಿದದ್ದು ಮನೆಯಲ್ಲೇ ಒಣಗುತ್ತಿತ್ತು.

ಕುಲುಮೆ ಮನೆ, ಕೊಪ್ಪಳ:
ಒಳ್ಳೇ ಆಯ್ಕೆ. ಗಟ್ಟಿ ಮರ, ಒಣಗಿದರೂ ಜಾಸ್ತಿ ಕುಗ್ಗಲ್ಲ. ಕಂದು ತಿರುಳೇ ಬಳಸು, ಹಳದಿ ಭಾಗಕ್ಕೆ ಹುಳ ಬೀಳುತ್ತದೆ.

ಗಂಗಾವತಿ ಗರಗಸ:
ಅದಕ್ಕೆ ಶೇಂಗಾ ಎಣ್ಣೆ ಹಚ್ಚಿ, ಮಿಂಚುತ್ತದೆ.

ತೋರಣಗಲ್ಲು ಮೆಟಲ್:
ಶೇಂಗಾ ಎಣ್ಣೆ ಒಣಗಲ್ಲ, ಅಂಟಂಟಾಗಿ ವಾಸನೆ ಬರುತ್ತದೆ. ಅಗಸೆ ಎಣ್ಣೆ ತೆಳುವಾಗಿ ಹಚ್ಚಿ, ಒಣಗಿಸಿ, ಮತ್ತೆ ಹಚ್ಚಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ತಾನೇ ಕಾದು ಹೊತ್ತಿಕೊಳ್ಳುತ್ತದೆ, ಅದೂ ಈ ಬಿಸಿಲಲ್ಲಿ. ಬಿಡಿಸಿ ಹೊರಗೆ ಹರವಿ.

ಗಂಗಾವತಿ ಗರಗಸ:
ಕುಸುಬೆ ಎಣ್ಣೆ ಆಗುತ್ತದಾ? ಮನೆಯಲ್ಲಿ ಅದೇ ಇದೆ.

ತೋರಣಗಲ್ಲು ಮೆಟಲ್:
ಆಗುತ್ತದೆ, ಒಣಗೋಕೆ ಅಗಸೆಗಿಂತ ಹೆಚ್ಚು ದಿನ ಹಿಡಿಯುತ್ತದೆ.

ಸಿಂಧನೂರು ಹುಡುಗ:
ಕುಲುಮೆ ಅಣ್ಣಾ ಹೇಳಿದ ಹಾಗೆ ಗುಳಿ ತೆಗೆಯೋದು ಅಂತ ತೀರ್ಮಾನ. ಗುಂಡು ಫೈಲ್ ತಂದಿದ್ದೇನೆ. ಗುಳಿ ಹಿಡಿಕೆಯಿಂದ ಎಷ್ಟು ದೂರ ಇರಬೇಕು?

ಕುಲುಮೆ ಮನೆ, ಕೊಪ್ಪಳ:
ಹಿಡಿಕೆಗೆ ಅಂಟಿಸಬೇಡ, ಅಲ್ಲಿ ತೆಳುವಾದರೆ ಅಲಗು ಮುರಿಯೋದು ಅಲ್ಲೇ. ಒಂದು ಬೆರಳಗಲ ಬಿಟ್ಟು ಶುರು ಮಾಡು. ಗುಳಿಯ ಮೂಲೆ ಚೂಪಾಗಿರಬಾರದು. ಫೈಲ್ ಜಾರೋಕೆ ಶುರುವಾದ ಜಾಗಕ್ಕೆ ನಿಲ್ಲಿಸು, ಅಲ್ಲಿಂದ ಮುಂದೆ ಸಾಣೆ.