'ಡಿರೇಟೆಡ್' ಎಂಜಿನ್‌ಗೆ ಕನ್ನಡದಲ್ಲಿ ಏನನ್ನೋಣ?

ಮನೆಯಲ್ಲೇ ಕಟ್ಟಿಕೊಳ್ಳುವ ಸಣ್ಣ ವಿಮಾನ, ಹೆಲಿಕಾಪ್ಟರ್‌ಗಳ ಪಿಸ್ಟನ್ ಎಂಜಿನ್ ಬಗ್ಗೆ ಬರೆಯುತ್ತಿದ್ದೇನೆ. ಪಿಸ್ಟನ್, ಸಿಲಿಂಡರ್ ಹಾಗೇ ಇರಲಿ, ಪಿಸ್ಟನ್‌ಗೆ 'ಆಡುಬೆಣೆ' ಅಂದರೆ ಗ್ಯಾರೇಜಿನವರು ನಗುತ್ತಾರೆ. ನಾನು ಸಿಕ್ಕಿಬಿದ್ದಿರುವುದು 'ಡಿರೇಟೆಡ್' ಹತ್ತಿರ, ಅಂದರೆ ಕೊಡಬಲ್ಲ ಶಕ್ತಿಗಿಂತ ಕಡಿಮೆ ಮಿತಿ ಹಾಕಿ ಓಡಿಸುವ ಎಂಜಿನ್.

ಲೈಕಮಿಂಗ್ ಓ-360 ಎಂಜಿನ್ ಸಾಮಾನ್ಯವಾಗಿ 180 ಎಚ್‌ಪಿ ಕೊಡುತ್ತದೆ. ಕಿಟ್ ತರಿಸಿ ಕಟ್ಟುವ ಆರ್‌ವಿ ವಿಮಾನಗಳಲ್ಲಿ ಇದು ಮಾಮೂಲು. ಇದೇ ಕುಟುಂಬದ ಎಂಜಿನ್ ರಾಬಿನ್ಸನ್ ಆರ್22 ಬೀಟಾ 2 ಹೆಲಿಕಾಪ್ಟರ್‌ನಲ್ಲಿ ಕೂತರೆ ಐದು ನಿಮಿಷದ ಮಟ್ಟಿಗೆ 131, ಆಮೇಲೆ 124 ಎಚ್‌ಪಿ ಮೀರುವಂತಿಲ್ಲ. ತಾಕತ್ತು ಇದೆ, ಬಳಸಬಾರದು ಅಷ್ಟೇ. ಆವತ್ತಿನ ಸೆಕೆ ಎಷ್ಟು, ಎತ್ತರ ಎಷ್ಟು ಅಂತ ಪಟ್ಟಿ ನೋಡಿ, ಮ್ಯಾನಿಫೋಲ್ಡ್ ಒತ್ತಡದ (ಸಿಲಿಂಡರ್‌ಗೆ ಹೋಗುವ ಗಾಳಿಯ ಒತ್ತಡದ) ಮುಳ್ಳು ಅಲ್ಲಿ ಕೊಟ್ಟ ಅಂಕಿ ದಾಟದ ಹಾಗೆ ಪೈಲಟ್ಟೇ ನೋಡಿಕೊಳ್ಳಬೇಕು.

ಇದರ ಲಾಭ ಕಾಣುವುದು ಎತ್ತರದ ಊರಲ್ಲಿ. ಟರ್ಬೊ (ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ ಎಂಜಿನ್ ಸಾವಿರ ಅಡಿಗೆ ಸುಮಾರು 3% ಶಕ್ತಿ ಕಳೆದುಕೊಳ್ಳುತ್ತದೆ. ಬೆಂಗಳೂರಿನ ಜಕ್ಕೂರು ಸುಮಾರು 3000 ಅಡಿ ಮೇಲಿದೆ, ಅಲ್ಲಿ 180 ಇದ್ದದ್ದು 160ರ ಆಸುಪಾಸಿಗೆ ಬಂದರೂ 131ಕ್ಕೆ ಏನೂ ಕೊರತೆಯಿಲ್ಲ, ಥ್ರಾಟಲ್ ಸ್ವಲ್ಪ ಜಾಸ್ತಿ ತೆರೆದರಾಯಿತು. (ನಮ್ಮ ಬೆಂಗಳೂರಿನ ವೈಮಾನಿಕ ಸಂಶೋಧನಾಲಯ ಎನ್‌ಎಎಲ್‌ನ ಸಣ್ಣ ವಿಮಾನ ಹಂಸ-3 ಬೇರೆ ದಾರಿ ಹಿಡಿಯಿತು, ಟರ್ಬೊ ಇರುವ ರೊಟಾಕ್ಸ್ 914 ಎಂಜಿನ್ ಹಾಕಿದರು.)

ಈಗ ಪದ. 'ಶಕ್ತಿ ಇಳಿದ ಎಂಜಿನ್' ಅಂದರೆ ಬೋರಿಗೆ ಬಂದ ಹಳೇ ಗಾಡಿ ಕಣ್ಣಿಗೆ ಬರುತ್ತದೆ. 'ಮಿತಿಗೊಳಿಸಿದ' ಸಪ್ಪೆ, ಮಿತಿ ಯಾವ ಎಂಜಿನ್‌ಗೆ ಇಲ್ಲ? 'ಶಕ್ತಿ ಕಡಿತ' ಅಂದರೆ ಕರೆಂಟ್ ಹೋದ ಹಾಗೆ. 'ಮೀಸಲು ಶಕ್ತಿ' ನನಗೆ ಇಷ್ಟ. ದೇವರಿಗೆ ಮೀಸಲು ತೆಗೆದಿಟ್ಟದ್ದನ್ನು ಯಾರೂ ಮುಟ್ಟಲ್ಲ ಅಲ್ವಾ, ಆ ಅರ್ಥ ಇಲ್ಲಿ ಚೆನ್ನಾಗಿ ಕೂರುತ್ತದೆ. ಆದರೆ ಈಗಿನ ಓದುಗರಿಗೆ ಮೀಸಲು ಅಂದರೆ ಬೈಕಿನ ರಿಸರ್ವ್ ಪೆಟ್ರೋಲ್, ಕಷ್ಟಕಾಲಕ್ಕೆ ಬಳಸುವುದು. ಹಾಗಾಗಿ ಸದ್ಯಕ್ಕೆ 'ತಡೆಹಿಡಿದ ಶಕ್ತಿ' ಅಂತ ಬರೆದಿದ್ದೇನೆ.

ಇನ್ನೊಂದು ತೊಡಕಿದೆ. ಡೀಸೆಲ್ ಜನರೇಟರ್‌ನವರು ಸೆಕೆ, ಎತ್ತರದಿಂದ ತಾನಾಗೇ ಕುಗ್ಗುವ ಶಕ್ತಿಯ ಲೆಕ್ಕಕ್ಕೂ ಡಿರೇಟಿಂಗ್ ಅಂತಲೇ ಹೇಳುತ್ತಾರೆ. ಒಂದು ಬೇಕಂತಲೇ ತಡೆದದ್ದು, ಇನ್ನೊಂದು ಗಾಳಿ ತೆಳುವಾಗಿ ಕುಗ್ಗಿದ್ದು. ಎರಡಕ್ಕೂ ಒಂದೇ ಪದ ಸಾಕೇ, ಬೇರೆ ಬೇರೆ ಬೇಕೇ? ಪಂಪ್‌ಸೆಟ್, ಜನರೇಟರ್ ರಿಪೇರಿಯವರ ಬಾಯಲ್ಲಿ ಯಾವುದಾದರೂ ಮಾತು ಕೇಳಿದ್ದರೆ ಹೇಳಿ, ಯಾವ ಸೀಮೆಯದು ಅನ್ನುವುದನ್ನೂ ಸೇರಿಸಿ.