ಒಂದೇ ಎಣ್ಣೆ, ಎರಡು ಚಾಕು: 1095 ಯಾಕೆ ಪೂರ್ತಿ ಗಡಸಾಗಲಿಲ್ಲ?

ಪ್ರಶ್ನೆ: ಸರ್, ಹಳೆ ಬೇರಿಂಗ್‌ನ ಇಎನ್31 ಉಕ್ಕಿನಿಂದ ಒಂದು ಚಾಕು, 1095 ಅನ್ನುವ ಉಕ್ಕಿನ ಪಟ್ಟಿಯಿಂದ ಇನ್ನೊಂದು ಮಾಡಿದೆ. ಎರಡರಲ್ಲೂ ಕಾರ್ಬನ್ ಹೆಚ್ಚುಕಮ್ಮಿ 1%. ಎರಡನ್ನೂ ಕೆಂಪಗೆ ಕಾಯಿಸಿ ಒಂದೇ ಸೂರ್ಯಕಾಂತಿ ಎಣ್ಣೆಯಲ್ಲಿ ಅದ್ದಿದೆ. ಬೇರಿಂಗ್ ಚಾಕುವಿನ ಮೇಲೆ ಅರ ಜಾರುತ್ತದೆ, ಅಂದರೆ ಗಡಸಾಗಿದೆ. 1095ರ ಬೆನ್ನಿನ ಕಡೆ ಕಚ್ಚುತ್ತದೆ, ಅಲ್ಲಿ ಮೆತ್ತಗೇ ಇದೆ. ಅಂಗಡಿಯವರು ಬೇರೆ ಉಕ್ಕು ಕೊಟ್ಟರಾ?

ಉತ್ತರ: ಅಂಗಡಿಯವರನ್ನು ಸುಮ್ನೆ ಬೈಯಬೇಡಿ. 1095ರ ಸ್ವಭಾವವೇ ಹಾಗೆ.

ಉಕ್ಕು ಎಷ್ಟು ಗಡಸಾಗಬಹುದು ಅನ್ನುವುದು ಕಾರ್ಬನ್ ಕೈಯಲ್ಲಿದೆ. ಅದಕ್ಕೆ ಎಷ್ಟು ಬೇಗ ತಣಿಸಬೇಕು ಅನ್ನುವುದು ಮ್ಯಾಂಗನೀಸ್, ಕ್ರೋಮಿಯಂ ಕೈಯಲ್ಲಿ. ಕಾದ ಉಕ್ಕಿನಲ್ಲಿ ಕಾರ್ಬನ್ ಕರಗಿರುತ್ತದೆ. ನಿಧಾನವಾಗಿ ತಣಿದರೆ ಅದು ಬೇರೆಯಾಗಿ, ಪರ್ಲೈಟ್ ಅನ್ನುವ ಮೆತ್ತಗಿನ ರಚನೆ ಆಗಿಬಿಡುತ್ತದೆ. 1095ರಲ್ಲಿ ಮ್ಯಾಂಗನೀಸ್ 0.3ರಿಂದ 0.5% ಅಷ್ಟೇ. ಹಾಗಾಗಿ 550 ಡಿಗ್ರಿಗಿಂತ ಕೆಳಗೆ ಇಳಿಸಲು ನಿಮಗೆ ಸಿಗುವುದು ಒಂದು ಸೆಕೆಂಡಿನ ಆಸುಪಾಸು. ತೆಳು ಅಲಗು ಅಷ್ಟರಲ್ಲಿ ತಣಿಯಿತು, ದಪ್ಪ ಬೆನ್ನು ತಣಿಯಲಿಲ್ಲ. ಇಎನ್31ರಲ್ಲಿ 1ರಿಂದ 1.6% ಕ್ರೋಮಿಯಂ ಇದೆ. ಪರ್ಲೈಟ್ ಹುಟ್ಟುವುದನ್ನು ಅದು ತಡೆದು ನಿಲ್ಲಿಸುತ್ತದೆ, ಎಣ್ಣೆಗೂ ಸಮಯ ಸಿಗುತ್ತದೆ.

ಆದರೆ ಕ್ರೋಮಿಯಂ ಕಾರ್ಬನ್ನನ್ನು ಕಾರ್ಬೈಡ್ ಅನ್ನುವ ಗಟ್ಟಿ ಕಣಗಳಾಗಿ ಮಾಡಿ ಹಿಡಿದಿಟ್ಟುಕೊಳ್ಳುತ್ತದೆ. ಬಿಡಿಸಲು 840 ಡಿಗ್ರಿ ಹತ್ತಿರ ಹತ್ತು ನಿಮಿಷ ಇಡಬೇಕು. ಕುಲುಮೆಯಲ್ಲಿ ಕಣ್ಣಳತೆಗೆ ಇದು ಕಷ್ಟ. ನಿಮಗೆ ಬಂದಿದೆ ಅಂದರೆ ಕೈ ಚೆನ್ನಾಗಿದೆ!

ಅಂದ ಹಾಗೆ, ಅಲಗು ಗಡಸಾಗಿದ್ದರೆ ಮೆತ್ತನೆ ಬೆನ್ನು ದೋಷವೇನಲ್ಲ. ನಾನಾದರೆ ಹಾಗೇ ಬಿಡುತ್ತೇನೆ.

ಪ್ರಶ್ನೆ: ಹಾಗಾದರೆ ನೀರಲ್ಲೇ ಅದ್ದಲಾ ಸರ್?

ಉತ್ತರ: ಗಡಸು ಬರುತ್ತದೆ, ತೆಳು ಚಾಕು ಬಿರುಕು ಬಿಡುವ ಭಯವೂ ಜಾಸ್ತಿ. ಮೊದಲು ಅದೇ ಎಣ್ಣೆಯನ್ನು 50–60 ಡಿಗ್ರಿಗೆ ಬಿಸಿ ಮಾಡಿ ನೋಡಿ. ತೆಳುವಾದ ಎಣ್ಣೆ ಬೇಗ ಶಾಖ ಎಳೆಯುತ್ತದೆ. ಇನ್ನೂ ಬೇಕಿದ್ದರೆ ಉಕ್ಕು ತಣಿಸಲೆಂದೇ ಮಾಡಿದ ವೇಗದ ಕ್ವೆಂಚಿಂಗ್ ಆಯಿಲ್.

ಇನ್ನೊಬ್ಬ ಸದಸ್ಯರು: ಅಣ್ಣ, ನಮ್ಮೂರ ಕಮ್ಮಾರರು ಲಾರಿ ಪಟ್ಟಿಯ ಮಚ್ಚಿಗೆ ನೀರಲ್ಲೇ ಹದ ಕೊಡ್ತಾರಲ್ಲ?

ಉತ್ತರ: ಅವರು ಬಾಯಿಯನ್ನಷ್ಟೇ ಅದ್ದಿ ಎತ್ತುತ್ತಾರೆ ಅಲ್ವಾ? ಬೆನ್ನಿನಲ್ಲಿ ಉಳಿದ ಬಿಸಿ ಅಲಗಿಗೆ ಇಳಿದು ಹದವಾಗುತ್ತದೆ, ಅಂದರೆ ಗಡಸು ಸ್ವಲ್ಪ ಇಳಿದು ಮುರುಕುತನ ಕಡಿಮೆಯಾಗುತ್ತದೆ. ಜೊತೆಗೆ ಇಎನ್45 ತರಹದ ಪಟ್ಟಿಯಲ್ಲಿ ಕಾರ್ಬನ್ 0.5–0.6% ಮಾತ್ರ, ಬಿರುಕಿನ ಕಾಟ ಕಡಿಮೆ. ಅದರಲ್ಲಿರುವ 1.5ರಿಂದ 2% ಸಿಲಿಕಾನ್, ಹದ ಕೊಡುವಾಗ ಗಡಸುತನ ಬೇಗ ಇಳಿಯದಂತೆ ನೋಡಿಕೊಳ್ಳುತ್ತದೆ. ಆದರೆ ಕಾಯಿಸುವಾಗ ಮೇಲ್ಪದರದ ಕಾರ್ಬನ್ ಸುಟ್ಟುಹೋಗುವುದೂ ಈ ಉಕ್ಕಿನಲ್ಲೇ ಹೆಚ್ಚು. ಮೇಲೆ ಅರ ಕಚ್ಚಿತು ಅಂತ ಗಾಬರಿ ಬೀಳಬೇಡಿ. ಸ್ವಲ್ಪ ಉಜ್ಜಿ, ಒಳಗೆ ಪರೀಕ್ಷೆ ಮಾಡಿ.

ಪ್ರಶ್ನೆ: ಉಕ್ಕಿನಲ್ಲಿ ವನೇಡಿಯಂ ಲೋಹ ಇದ್ದರೆ ಇನ್ನೂ ಗಡಸಾ?

ಉತ್ತರ: ಇಲ್ಲ. 0.2% ಹಾಕುವುದು ಕಾಯಿಸುವಾಗ ಉಕ್ಕಿನೊಳಗಿನ ಕಣಗಳು ದಪ್ಪವಾಗದಿರಲಿ ಅಂತ. ಸ್ವಲ್ಪ ಜಾಸ್ತಿ ಕಾಯಿಸಿದರೂ ಚಾಕು ಮುರುಕಲಾಗುವುದಿಲ್ಲ, ಅಷ್ಟೇ.